ಬಟನ್, ಬಟನ್, ಬಟನ್: ಮಾತಾಡದ ಒಂದು ಪಾಠದ ಪ್ರಕರಣ

ಧಾರವಾಡದ ಸಪ್ತಾಪುರದಲ್ಲಿ ಒಂದು ತರಬೇತಿ ಕೇಂದ್ರ. ಮಹಡಿಯ ಮೇಲೆ ಕಂಪ್ಯೂಟರ್ ಕೋಣೆ. 2013ರ ಮಳೆಗಾಲ. ಮೂಲೆಯ ಯಂತ್ರದ ಮುಂದೆ ಕೂತಿದ್ದ ಹುಡುಗಿ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ನಾನು ನಿಂತ ಕಡೆ ಮುಖ ಮಾಡಿದಳು. "ಸರ, ಇದು ಏನೂ ಮಾತಾಡವಲ್ದರೀ. ಬರೇ ಹಾಡು ಹಾಡಾಕತ್ತೈತಿ."

ಹಾಡು ಅಂದರೆ ಪಾಠದ ಹಿಂದೆ ಸಣ್ಣಗೆ ಕೇಳಲಿ ಎಂದು ಹಾಕಿದ್ದ ಸಿತಾರಿನ ತುಣುಕು. ಅದನ್ನು ಆರಿಸಿದವನು ನಾನು. ಆ ಪಾಠ ಮಾಡಿದವನೂ ನಾನೇ. ಹೀಗಾಗಿ ಈ ಪ್ರಕರಣದಲ್ಲಿ ತಪ್ಪು ಯಾರದು ಎಂದು ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಆದರೆ ತಪ್ಪುಗಳು ಒಂದರ ಮೇಲೊಂದು ಹೇಗೆ ಕೂತಿದ್ದವು, ತಿದ್ದಿದ ಮೇಲೂ ಎಂಟು ವರ್ಷಕ್ಕೆ ಅವೇ ಬೇರೆ ವೇಷದಲ್ಲಿ ಹೇಗೆ ಮರಳಿ ಬಂದವು ಎಂಬುದನ್ನು ಬರೆದಿಡಬೇಕು ಅನಿಸಿತು.

ಹುಡುಗಿಯ ಹೆಸರು ಇಲ್ಲಿ ಬೇಡ. ಆಗ ನಾನು ಕರೆಯುತ್ತಿದ್ದಂತೆ ತಂಗಿ ಎಂದೇ ಕರೆಯುತ್ತೇನೆ. ಗದಗ ಜಿಲ್ಲೆಯ ಹಳ್ಳಿಯವಳು. ಹುಟ್ಟಿನಿಂದ ಕಣ್ಣು ಕಾಣದು. ಬಿ.ಎ. ಮುಗಿಸಿ, ಸಪ್ತಾಪುರದ ಸಾವಿರಾರು ಹುಡುಗ ಹುಡುಗಿಯರಂತೆ ಬಾಡಿಗೆ ಕೋಣೆ ಹಿಡಿದು ಎಸ್‌ಡಿಎ ಪರೀಕ್ಷೆಗೆ ಓದುತ್ತಿದ್ದಳು. ಕಂಪ್ಯೂಟರ್ ಆಕೆಗೆ ಹೊಸದಲ್ಲ. ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇಟ್ಟುಕೊಂಡು ಪತ್ರ ಬರೆಯುವುದು, ಪತ್ರಿಕೆ ಓದುವುದು ಎಲ್ಲ ನಡೆದಿತ್ತು. ಆ ಸಾಫ್ಟ್‌ವೇರನ್ನು 2006ರಲ್ಲಿ ಬರೆಯಲು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣದು. ಉಚಿತವಾಗಿ ಸಿಗುತ್ತದೆ ಎನ್ನುವುದೇ ನಮ್ಮ ಕಡೆಯ ಮಕ್ಕಳಿಗೆ ದೊಡ್ಡ ಮಾತು. ಅಂದರೆ ಆಕೆ ಕೇಂದ್ರಕ್ಕೆ ಬಂದದ್ದು ಕಲಿಯಲು ಅನ್ನುವುದಕ್ಕಿಂತ ಪ್ರಮಾಣಪತ್ರಕ್ಕೆ. ಪ್ರಮಾಣಪತ್ರ ಬೇಕೆಂದರೆ ನನ್ನ ಹದಿನಾಲ್ಕು ಪಾಠ ದಾಟಿ ಕೊನೆಯ ಪರೀಕ್ಷೆ ಪಾಸಾಗಬೇಕಿತ್ತು.

ನಾನಾಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾಲ್ಕೇ ಜನರಿದ್ದ ಕಚೇರಿಯಲ್ಲಿ ಫ್ಲ್ಯಾಶ್ ಕೆಲಸ ಮಾಡುತ್ತಿದ್ದೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳ ಜಾಹೀರಾತು, ಮದುವೆಯ ಆಮಂತ್ರಣ, ಶಾಲೆಗಳ ಪಾಠ, ಹೀಗೆ ಕುಣಿಯಬೇಕಾದದ್ದು, ಮಿನುಗಬೇಕಾದದ್ದು ಏನಿದ್ದರೂ ನಮ್ಮಲ್ಲಿಗೆ ಬರುತ್ತಿತ್ತು. ಕೇಂದ್ರದ ಸರ್ ಪಾಠ ನೋಡಿ "ಭಾರಿ ಆಗೇತಿ" ಅಂದಿದ್ದರು. ಇಲಿಯೊಂದು ಓಡಿಬಂದು ಮೌಸ್ ಆಗುತ್ತಿತ್ತು. ಮಾನಿಟರ್‌ಗೆ ಕಣ್ಣು ಮೂಗು ಮೂಡುತ್ತಿದ್ದವು. ನನಗೂ ಹೆಮ್ಮೆ ಇತ್ತು.

ಒಳಗೆ ಏನಿದೆ ಎಂದು ಕೇಳಿದರೆ

ಫ್ಲ್ಯಾಶ್ ಗೊತ್ತಿಲ್ಲದ ಹೊಸ ತಲೆಮಾರಿಗೆ ಎರಡು ಮಾತು. ಆಗಿನ ಬ್ರೌಸರ್‌ಗಳಿಗೆ ಅನಿಮೇಶನ್, ವಿಡಿಯೋ, ಆಟ ಇವೆಲ್ಲ ತಾವಾಗಿ ಬರುತ್ತಿರಲಿಲ್ಲ. ಪ್ಲಗ್-ಇನ್ ಎಂಬ ಇನ್ನೊಂದು ಪ್ರೋಗ್ರಾಂ ಪುಟದ ಮಧ್ಯೆ ಒಂದು ಚೌಕ ಹಿಡಿದು ಕೂತು ಆ ಕೆಲಸ ಮಾಡುತ್ತಿತ್ತು. ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಕೊಟ್ಟಿದ್ದೀರಿ, ಬಾಡಿಗೆಯವರು ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾರೆ. ಹೊರಗೆ ಬಂದವರು "ಒಳಗ ಏನೈತ್ರಿ?" ಎಂದು ಕೇಳಿದರೆ ಮನೆಯ ಯಜಮಾನನಿಗೂ ಗೊತ್ತಿಲ್ಲ. ಬ್ರೌಸರ್ ಮತ್ತು ಫ್ಲ್ಯಾಶ್‌ನ ಸಂಬಂಧ ಹಾಗೆ.

ಸ್ಕ್ರೀನ್ ರೀಡರ್ ಎಂದರೆ ಪರದೆಯನ್ನು ನೋಡಿ ಓದುವ ಯಂತ್ರ ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಅದು ನೋಡುವುದಿಲ್ಲ, ಕೇಳುತ್ತದೆ. ಇಲ್ಲಿ ಏನಿದೆ, ಅದರ ಹೆಸರೇನು, ಅದು ಬಟನ್ನೋ ಪೆಟ್ಟಿಗೆಯೋ, ಒತ್ತಿದೆಯೋ ಇಲ್ಲವೋ ಎಂದು ಪ್ರೋಗ್ರಾಂ ಅನ್ನು ವಿಚಾರಿಸುತ್ತದೆ. ಉತ್ತರ ಬಂದರೆ ಗಟ್ಟಿಯಾಗಿ ಹೇಳುತ್ತದೆ, ಬರದಿದ್ದರೆ ಸುಮ್ಮನಾಗುತ್ತದೆ. ವಿಂಡೋಸ್‌ನಲ್ಲಿ ಈ ಪ್ರಶ್ನೋತ್ತರಕ್ಕೆ ಆಗ ಮೈಕ್ರೋಸಾಫ್ಟ್ ಆಕ್ಟಿವ್ ಆಕ್ಸೆಸಿಬಿಲಿಟಿ ಎಂಬ ಒಂದು ಸಾಮಾನ್ಯ ಭಾಷೆ ಇತ್ತು. ಮ್ಯಾಕ್ರೋಮೀಡಿಯಾ ಕಂಪನಿ 1996ರ ಕೊನೆಗೆ ಕೊಂಡು ಫ್ಲ್ಯಾಶ್ ಎಂದು ಹೆಸರಿಟ್ಟ ಈ ತಂತ್ರಕ್ಕೆ ಆ ಭಾಷೆ ಬಂದದ್ದು 2002ರಲ್ಲಿ, ಫ್ಲ್ಯಾಶ್ ಪ್ಲೇಯರ್ 6ರ ಹೊತ್ತಿಗೆ. ಅದೂ ವಿಂಡೋಸ್‌ನಲ್ಲಿ ಮಾತ್ರ. ಅಲ್ಲಿಯವರೆಗೆ ಫ್ಲ್ಯಾಶ್ ಚೌಕ ಎಂದರೆ ಕಣ್ಣಿಲ್ಲದವರಿಗೆ ಪುಟದಲ್ಲೊಂದು ತೂತು.

ಹಾಗಾದರೆ ತಂಗಿಯ ಮುಂದೆ ಕೂತಿದ್ದ 2013ರ ಪಾಠ ಯಾಕೆ ಮಾತಾಡಲಿಲ್ಲ? ಭಾಷೆ ಬಂದು ಹನ್ನೊಂದು ವರ್ಷವಾಗಿತ್ತಲ್ಲ?

ಇದಕ್ಕೆ ಉತ್ತರ ಹುಡುಕಲು ನನಗೆ ಒಂದು ವಾರ ಹಿಡಿಯಿತು. ದಿನವೂ ಮಧ್ಯಾಹ್ನ ಬೇಂದ್ರೆ ಬಸ್ಸು ಹತ್ತಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ, ಆಕೆಯ ಪಕ್ಕದಲ್ಲಿ ಕೂತು, ಎರಡನೇ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮಾನಿಟರ್ ಆರಿಸಿ ಕೂಡ್ರಿ ಎಂದು ಹೇಳಿದ್ದು ಆಕೆಯೇ. ಆರಿಸಿದ ಮೇಲೆ ನನ್ನ ಪಾಠ ನನಗೇ ಗುರುತು ಹತ್ತಲಿಲ್ಲ.

ಮೊದಲ ಕಾರಣ ಒಂದೇ ಒಂದು ಪದ. ಕೇಂದ್ರದ ವೆಬ್‌ಪುಟದ ಮೇಲ್ತುದಿಯಲ್ಲಿ ಕೆಳಗಿಳಿಯುವ ಮೆನು ಇತ್ತು. ಅದು ಇಳಿದಾಗ ಫ್ಲ್ಯಾಶ್ ಚೌಕದ ಹಿಂದೆ ಅಡಗುತ್ತಿತ್ತು. ಆ ಕಾಲದಲ್ಲಿ ಫ್ಲ್ಯಾಶ್ ಮಾಡಿದ ಎಲ್ಲರಿಗೂ ಗೊತ್ತಿದ್ದ ಮದ್ದೆಂದರೆ ಡಬ್ಲ್ಯು-ಮೋಡ್ ಎಂಬಲ್ಲಿ 'ಟ್ರಾನ್ಸ್‌ಪರೆಂಟ್' ಎಂದು ಬರೆಯುವುದು. ಬರೆದರೆ ಫ್ಲ್ಯಾಶ್ ತನ್ನದೇ ಕಿಟಕಿ ಬಿಟ್ಟು ಪುಟದ ಮೇಲೆಯೇ ಬಣ್ಣ ಬಳಿದಂತೆ ಚಿತ್ರ ಬಿಡಿಸುತ್ತದೆ, ಮೆನು ಮೇಲೆ ಬರುತ್ತದೆ. ನಮಗೆ ಗೊತ್ತಿಲ್ಲದಿದ್ದದ್ದು ಇದು: ಕಿಟಕಿ ಹೋದ ಕೂಡಲೇ ಸ್ಕ್ರೀನ್ ರೀಡರ್ ಪ್ರಶ್ನೆ ಕೇಳುತ್ತಿದ್ದ ಬಾಗಿಲೂ ಹೋಯಿತು. ಅದಕ್ಕೇ ಸಿತಾರು ಮಾತ್ರ ಕೇಳುತ್ತಿತ್ತು. ಮೆನುವಿನ ಅಂದಕ್ಕೆ ಹದಿನಾಲ್ಕು ಪಾಠವನ್ನೂ ಬಲಿ ಕೊಟ್ಟಿದ್ದೆ, ಅದೂ ಐದು ನಿಮಿಷದ ಕೆಲಸದಲ್ಲಿ.

ಆ ಪದ ತೆಗೆದೆ. ಮೆನು ಹಿಂದೆ ಹೋಯಿತು, ಹೋಗಲಿ ಅಂದೆ. ಈಗ ಎನ್‌ವಿಡಿಎ "ಎಂಬೆಡೆಡ್ ಆಬ್ಜೆಕ್ಟ್" ಅಂದಿತು. ತಂಗಿ ಎಂಟರ್ ಒತ್ತಿ ಒಳಗೆ ಹೋದಳು. ಟ್ಯಾಬ್ ಒತ್ತಿದಳು. "ಬಟನ್." ಮತ್ತೆ ಒತ್ತಿದಳು. "ಬಟನ್." ಮತ್ತೆ. "ಬಟನ್."

ಮುಂದೆ, ಹಿಂದೆ, ನಿಲ್ಲಿಸು, ಮತ್ತೆ ಕೇಳು. ಎಲ್ಲ ಬಟನ್ನಿನ ಮೇಲೂ ನಾನು ಚೆಂದದ ಬಾಣ ಬರೆದಿದ್ದೆ. ಹೆಸರು ಯಾವುದಕ್ಕೂ ಇಟ್ಟಿರಲಿಲ್ಲ. ಫ್ಲ್ಯಾಶ್ ತಯಾರಿಸುವ ಸಾಫ್ಟ್‌ವೇರಿನಲ್ಲಿ ಆಕ್ಸೆಸಿಬಿಲಿಟಿ ಎಂಬ ಒಂದು ಪುಟ್ಟ ಫಲಕ ಇತ್ತು. ಅಲ್ಲಿ ಹೆಸರು ಬರೆದರೆ ಸಾಕಿತ್ತು. ಐದು ವರ್ಷ ಆ ಸಾಫ್ಟ್‌ವೇರಿನಲ್ಲೇ ಹೊಟ್ಟೆ ಹೊರೆದ ನಾನು ಆ ಫಲಕವನ್ನು ಒಮ್ಮೆಯೂ ತೆರೆದಿರಲಿಲ್ಲ. ಹುಬ್ಬಳ್ಳಿಯಲ್ಲಿ ನನಗೆ ಪರಿಚಯವಿದ್ದ ಫ್ಲ್ಯಾಶ್ ಗೆಳೆಯರನ್ನು ಕೇಳಿದೆ, ಅವರೂ ತೆರೆದಿರಲಿಲ್ಲ.

ಕನ್ನಡ ಅಕ್ಷರ ಚಿತ್ರವಾದ ಕಥೆ

ಬಟನ್ನಿಗೆ ಹೆಸರಿಡಬಹುದು, ಅದು ಒಂದು ಸಂಜೆಯ ಕೆಲಸ. ಪಾಠದ ಮಾತುಗಳು? ಇಲ್ಲಿ ಕನ್ನಡದವರಿಗೇ ಮೀಸಲಾದ ಒಂದು ಪೇಚಿದೆ. ಇಂಗ್ಲಿಷ್ ಪಾಠದಲ್ಲಿ ಬರೆದ ಅಕ್ಷರ ತಾನಾಗಿ ಸ್ಕ್ರೀನ್ ರೀಡರ್‌ಗೆ ಸಿಗುತ್ತದೆ. ನಮ್ಮ ಕಚೇರಿಯಲ್ಲಿದ್ದ ಹಳೆಯ ಆವೃತ್ತಿಯಲ್ಲಿ ಯೂನಿಕೋಡ್ ಕನ್ನಡ, ಅಂದರೆ ಯಂತ್ರಕ್ಕೂ ಕನ್ನಡ ಎಂದೇ ತಿಳಿಯುವ ಅಕ್ಷರ, ಹಾಕಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತಿತ್ತು, ಗುಣಿತ ಚಿಹ್ನೆ ಎಲ್ಲೋ ತೇಲುತ್ತಿತ್ತು. ಭಾರತದ ಲಿಪಿಗಳನ್ನು ಸರಿಯಾಗಿ ಜೋಡಿಸುವ ಶಕ್ತಿ ಫ್ಲ್ಯಾಶ್‌ಗೆ ಬಂದದ್ದೇ 2008ರ ಪ್ಲೇಯರ್ 10ರಲ್ಲಿ. ಅದನ್ನು ಬಳಸಲು ಹೊಸ ಆವೃತ್ತಿ ಕೊಳ್ಳಬೇಕು, ನಮ್ಮ ಕಚೇರಿಗೆ ಅದು ಕೈಗೆಟುಕುವ ಮಾತಾಗಿರಲಿಲ್ಲ.

ಎಲ್ಲರೂ ಹಿಡಿದ ದಾರಿ ನುಡಿ ಅಕ್ಷರ. ಹಳೆಯ ನುಡಿ ಫಾಂಟ್ ಕನ್ನಡದಂತೆ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳು. 'ಕನ್ನಡ' ಎಂಬ ಮೂರಕ್ಷರದ ಪದದೊಳಗೇ ಬ್ರಿಟನ್ನಿನ ಪೌಂಡ್ ಚಿಹ್ನೆ ಕೂತಿದೆ. ಯಾಕೆಂದರೆ ಆ ಫಾಂಟಿನಲ್ಲಿ ನಕಾರಕ್ಕೆ ಕೊಟ್ಟ ಜಾಗ ಅದು. ಕಣ್ಣಿಗೆ ಕನ್ನಡ, ಕಿವಿಗೆ ಗೊಂದಲ. ಇನ್ನೊಂದು ದಾರಿ, ಅಕ್ಷರವನ್ನೆಲ್ಲ ಒಡೆದು ಗೆರೆಚಿತ್ರ ಮಾಡುವುದು. ಹಾಗೆ ಮಾಡಿದರೆ ವಿದ್ಯಾರ್ಥಿಯ ಯಂತ್ರದಲ್ಲಿ ಫಾಂಟ್ ಇರಲಿ ಬಿಡಲಿ, ಅಂದ ಕೆಡುವುದಿಲ್ಲ. ನಾನು ಮಾಡಿದ್ದು ಅದನ್ನೇ. ನನ್ನ ಹದಿನಾಲ್ಕು ಪಾಠದಲ್ಲಿ ಓದಲು ಸಾಕಷ್ಟು ಕನ್ನಡ ಇತ್ತು, ಕನ್ನಡದ ಒಂದು ಅಕ್ಷರವೂ ಇರಲಿಲ್ಲ.

ಈ ಪೇಚು ಫ್ಲ್ಯಾಶ್ ಜೊತೆಗೇ ಹೋಯಿತು ಎಂದುಕೊಳ್ಳಬೇಡಿ. ಇವತ್ತಿಗೂ ಸುತ್ತೋಲೆಗಳು ನುಡಿಯಲ್ಲಿ ಟೈಪಾಗಿ ಪಿಡಿಎಫ್ ಆಗಿ, ಇಲ್ಲವೇ ಫೋಟೋ ಆಗಿ ವಾಟ್ಸ್ಯಾಪಿನಲ್ಲಿ ಓಡಾಡುತ್ತವೆ. ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದೇ ತೊಂದರೆ.

ಅಭಿಮನ್ಯು

ಮೂರನೆಯ ದಿನ ತಂಗಿ ಪಾಠದ ಒಳಗೆ ಹೋಗಿ ಹೊರಗೆ ಬರಲಾಗದೆ ಕೂತಳು. ಟ್ಯಾಬ್ ಒತ್ತಿದಷ್ಟೂ ಅವೇ ಆರು ಬಟನ್ ಸುತ್ತುತ್ತಿದ್ದವು. ಎಸ್ಕೇಪ್ ಕೇಳಲಿಲ್ಲ. ಪುಟದ ಮೇಲಿದ್ದ 'ಮುಖಪುಟ' ಕೊಂಡಿಗೆ ಹೋಗಬೇಕು, ದಾರಿ ಇಲ್ಲ. "ಅಭಿಮನ್ಯು ಆಗೇನ್ರಿ ಸರ" ಅಂದಳು ನಗುತ್ತ. ಕೊನೆಗೆ ಬ್ರೌಸರನ್ನೇ ಮುಚ್ಚಿದಳು. ಮುಚ್ಚಿದರೆ ಪಾಠ ಮೊದಲಿನಿಂದ.

ಕೇಂದ್ರದ ಯಂತ್ರಗಳಲ್ಲಿ ಫೈರ್‌ಫಾಕ್ಸ್ ಇತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಟ್ಯಾಬ್ ಒತ್ತುತ್ತ ಫ್ಲ್ಯಾಶ್ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊರಬರಬಹುದಿತ್ತು. ಫೈರ್‌ಫಾಕ್ಸಿನಲ್ಲಿ ಕೀಲಿಮಣೆ ಫ್ಲ್ಯಾಶ್‌ನ ಕೈಗೆ ಸಿಕ್ಕರೆ ಬಿಡುತ್ತಿರಲಿಲ್ಲ. ಎನ್‌ವಿಡಿಎಯಲ್ಲಿ ಇದಕ್ಕೆಂದೇ ಒಂದು ಕಳ್ಳಬಾಗಿಲು ಇದೆ ಎಂದು ಆಮೇಲೆ ಗೊತ್ತಾಯಿತು: ಎನ್‌ವಿಡಿಎ ಕೀಲಿ, ಕಂಟ್ರೋಲ್, ಸ್ಪೇಸ್ ಮೂರನ್ನೂ ಕೂಡಿಸಿ ಒತ್ತಿದರೆ ಹೊರಗೆ. ತಂಗಿಯ ಪಾಡು ಅಲ್ಲಿಗೆ ಸುಧಾರಿಸಿತು. ಆದರೆ ಅದೇ ತಂಡದಲ್ಲಿ ಇನ್ನೊಬ್ಬ ಹುಡುಗನಿದ್ದ. ಕಣ್ಣು ಚುರುಕು, ಕೈ ಎರಡೂ ನಡುಗುತ್ತಿದ್ದವು. ಮೌಸ್ ಹಿಡಿದರೆ ಬಾಣ ಪರದೆಯ ತುಂಬ ಓಡುತ್ತಿತ್ತು, ಅದಕ್ಕೆ ಆತ ಕೀಲಿಮಣೆಯನ್ನೇ ನಂಬಿದ್ದ. ಸ್ಕ್ರೀನ್ ರೀಡರ್ ಇಲ್ಲದ ಅವನಿಗೆ ಕಳ್ಳಬಾಗಿಲೂ ಇರಲಿಲ್ಲ. ಅವನು ಯಾವತ್ತೂ ದೂರಿರಲಿಲ್ಲ. ಪ್ರತಿ ಪಾಠಕ್ಕೂ ಒಮ್ಮೆ ಬ್ರೌಸರ್ ಮುಚ್ಚಿ ತೆರೆದು ಮಾಡುತ್ತ ಒಂಬತ್ತನೇ ಪಾಠಕ್ಕೆ ಬಂದಿದ್ದ. "ಎಲ್ಲಾರಿಗೂ ಹಿಂಗ ಇರ್ತೈತಿ ಅನ್ಕೊಂಡಿದ್ನಿರಿ ಸರ" ಅಂದ. ತಂಗಿಯ ದೂರಿಗಿಂತ ಈ ಮಾತೇ ನನಗೆ ಹೆಚ್ಚು ನಾಟಿತು.

ಕೀಲಿಮಣೆಯಿಂದ ಒಳಹೋದವರು ಕೀಲಿಮಣೆಯಿಂದಲೇ ಹೊರಬರುವಂತಿರಬೇಕು ಎಂಬ ನಿಯಮ 2008ರ ಡಿಸೆಂಬರಿನಲ್ಲಿ ಹೊರಬಂದ ಡಬ್ಲ್ಯುಸಿಎಜಿ 2.0ರಲ್ಲೇ ಇದೆ. ವೆಬ್‌ಪುಟ ಎಲ್ಲರಿಗೂ ಎಟುಕುವಂತೆ ಮಾಡಲು ಜಗತ್ತೆಲ್ಲ ಒಪ್ಪಿಕೊಂಡ ಮಾರ್ಗಸೂಚಿ ಅದು. ಮೂರು ಸೆಕೆಂಡಿಗಿಂತ ಹೆಚ್ಚು ತಾನಾಗಿ ಬಾರಿಸುವ ದನಿಯನ್ನು ನಿಲ್ಲಿಸುವ ದಾರಿ ಇರಬೇಕು ಎಂಬುದೂ ಅಲ್ಲಿದೆ. ನನ್ನ ಸಿತಾರಿಗೆ ನಿಲ್ಲಿಸುವ ಬಟನ್ ಇತ್ತು ನಿಜ, ಅದು ಆ ಆರು 'ಬಟನ್'ಗಳಲ್ಲಿ ಯಾವುದೋ ಒಂದು.

ಇನ್ನೊಂದು ಕಾಟ ಹೇಳಿ ಮುಂದೆ ಹೋಗುತ್ತೇನೆ. ನನ್ನ ಇಲಿ ಪಾಠದುದ್ದಕ್ಕೂ ಮೂಲೆಯಲ್ಲಿ ಬಾಲ ಅಲ್ಲಾಡಿಸುತ್ತಿತ್ತು. ಬಾಲ ಅಲ್ಲಾಡಿದಾಗಲೆಲ್ಲ ಫ್ಲ್ಯಾಶ್ 'ಏನೋ ಬದಲಾಯಿತು' ಎಂದು ಸ್ಕ್ರೀನ್ ರೀಡರ್‌ಗೆ ಸುದ್ದಿ ಕಳಿಸುತ್ತಿತ್ತು. ಪಾಪ, ಅದು ಹೇಳುತ್ತಿದ್ದುದನ್ನು ನಡುವೆಯೇ ನಿಲ್ಲಿಸಿ ಮತ್ತೆ ಶುರು ಮಾಡುತ್ತಿತ್ತು. ಆ ಚಿತ್ರಕ್ಕೆ 'ಇದನ್ನು ಲೆಕ್ಕಕ್ಕೆ ಹಿಡಿಯಬೇಡ' ಎಂದು ಗುರುತು ಹಾಕಲು ಅದೇ ಪುಟ್ಟ ಫಲಕದಲ್ಲಿ ಅವಕಾಶ ಇತ್ತು.

ಪರೀಕ್ಷೆ

ಪಾಠಗಳನ್ನು ಹೇಗೋ ದಾಟಬಹುದಿತ್ತು. ಪರೀಕ್ಷೆ ದಾಟುವಂತಿರಲಿಲ್ಲ. ಕಂಪ್ಯೂಟರಿನ ಭಾಗಗಳ ಚಿತ್ರಗಳನ್ನು ಮೌಸಿನಿಂದ ಎಳೆದು ಸರಿಯಾದ ಹೆಸರಿನ ಮೇಲೆ ಬಿಡಬೇಕು. ಒಂದೊಂದಕ್ಕೆ ಮೂವತ್ತು ಸೆಕೆಂಡ್. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಎಳೆಯಲು ಕೈ ಬೇಕು, ಹುಡುಕಲು ಕಣ್ಣು ಬೇಕು, ಫಲಿತಾಂಶ ತಿಳಿಯಲು ಬಣ್ಣ ಗುರುತಿಸಬೇಕು. ಕಂಪ್ಯೂಟರ್ ಗೊತ್ತಿರಬೇಕಾದ್ದು ಆಮೇಲಿನ ಮಾತು. 2013ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಲಿಖಿತ ಪರೀಕ್ಷೆಗಳಲ್ಲಿ ಅಂಗವಿಕಲರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಅನ್ನುತ್ತದೆ. ಅದು ಬಂದು ಆರು ತಿಂಗಳೂ ಆಗಿರಲಿಲ್ಲ. ನನ್ನ ಗಡಿಯಾರಕ್ಕೆ ಮೂವತ್ತು ಸೆಕೆಂಡ್ ಬಿಟ್ಟರೆ ಬೇರೆ ಲೆಕ್ಕ ಗೊತ್ತಿರಲಿಲ್ಲ.

ಬದಲಿ ಮಾಡುತ್ತೇನೆ, ಮೂರು ವಾರ ಬೇಕು ಎಂದು ಕೇಂದ್ರದ ಸರ್‌ಗೆ ಹೇಳಿದೆ. ಅವರು ಕೆಟ್ಟವರಲ್ಲ, ಅವಸರದವರು. "ಅಷ್ಟಕ್ಯಾಕ್ರಿ? ಬಾಜೂಕ ಒಬ್ಬಾಕಿನ್ನ ಕುಂಡ್ರಸ್ರಿ. ಈಕಿ ಹೇಳ್ಲಿ, ಅಕಿ ಎಳೀಲಿ. ಮುಗೀತು." ಹಾಗೇ ಆಯಿತು. ಇನ್ನೊಬ್ಬ ಹುಡುಗಿ ಪಕ್ಕದಲ್ಲಿ ಕೂತು, ಚಿತ್ರ ನೋಡಿ "ಉದ್ದಂದು, ಹಸರ್ದು, ಹಲ್ಲ ಅದಾವ" ಎಂದು ಹೇಳುತ್ತ, ತಂಗಿ ಊಹಿಸಿದ ಹೆಸರಿನ ಮೇಲೆ ಎಳೆದು ಬಿಟ್ಟಳು. ಇಪ್ಪತ್ತಕ್ಕೆ ಹದಿನೇಳು. ಪ್ರಮಾಣಪತ್ರ ಬಂತು.

ಮೆಟ್ಟಿಲಿಳಿಯುವಾಗ ತಂಗಿ ಕೇಳಿದಳು: "ಪಾಸಾದಾಕಿ ನಾನೋ ಅಕಿನೋ ಸರ?"

ಸಹಾಯಕರನ್ನು ಕೂರಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಕೈಬರಹದ ಪರೀಕ್ಷೆಯಲ್ಲಿ ಬರೆಯುವವರು ಬೇಕೇ ಬೇಕು. ಆದರೆ ಕಂಪ್ಯೂಟರನ್ನು ತಾನೇ ನಡೆಸಬಲ್ಲವಳು ಎಂದು ತೋರಿಸಬೇಕಾದ ಪರೀಕ್ಷೆಯಲ್ಲಿ ಕಂಪ್ಯೂಟರನ್ನು ಬೇರೆಯವರ ಕೈಗೆ ಕೊಟ್ಟರೆ ಪರೀಕ್ಷಿಸಿದ್ದೇನು? ಗದಗದ ವೀರೇಶ್ವರ ಪುಣ್ಯಾಶ್ರಮದ ಅಂಗಳದಲ್ಲಿ ಒಂದು ಬೆಳಗ್ಗೆ ಕೂತವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಅಂಧ ಮಕ್ಕಳು ಹಾರ್ಮೋನಿಯಂ, ತಬಲಾ ಕಲಿಯುತ್ತಾರೆ. ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆಯೇ ಹತ್ತಾರು ವಾದ್ಯ ನುಡಿಸಿದವರು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದವರು. 2010ರಲ್ಲಿ ಅವರು ತೀರಿಕೊಂಡಾಗ ಗದಗಕ್ಕೆ ಗದಗವೇ ಬೀದಿಗಿಳಿದಿತ್ತು. ಅಲ್ಲಿ ವಿದ್ಯಾರ್ಥಿಯ ಬೆರಳು ತಪ್ಪಿದರೆ ಪಕ್ಕದವರ ಬೆರಳಿನಿಂದ ಸ್ವರ ಹಿಡಿಸುವುದಿಲ್ಲ, ಆ ಬೆರಳನ್ನೇ ಸರಿಯಾದ ಮನೆಗೆ ತರುತ್ತಾರೆ. ಇಂಥ ಊರುಗಳ ನಡುವೆ ಬೆಳೆದೂ ನನಗೆ ಪಾಠ ಎಂದರೆ ಕಣ್ಣಿನ ಕೆಲಸ ಎನಿಸಿತ್ತಲ್ಲ.

ಆ ವರ್ಷ ನನ್ನಿಂದಾದಷ್ಟು ತಿದ್ದಿದೆ. ಬಟನ್‌ಗಳಿಗೆ ಹೆಸರಿಟ್ಟೆ, ಇಲಿಯನ್ನು ಬಚ್ಚಿಟ್ಟೆ, ಸಂಗೀತ ತೆಗೆದೆ, ಪ್ರತಿ ದೃಶ್ಯದ ಮಾತನ್ನೂ ಯೂನಿಕೋಡಿನಲ್ಲಿ ವಿವರಣೆಯಾಗಿ ಕೂಡಿಸಿದೆ. ಎನ್‌ವಿಡಿಎ ಜೊತೆ ಬರುವ ಇ-ಸ್ಪೀಕ್ ದನಿ ಅದನ್ನು ತನ್ನ ತಗಡಿನ ಕನ್ನಡದಲ್ಲಿ ಓದಿತು. ತಂಗಿ ಆ ದನಿಯನ್ನು ನನಗೆ ಒಂದು ಶಬ್ದವೂ ಹಿಡಿಯದ ವೇಗದಲ್ಲಿ ಕೇಳುತ್ತಿದ್ದಳು. ಪರೀಕ್ಷೆಯನ್ನು ಮಾತ್ರ ಮುಟ್ಟಲಿಲ್ಲ. ಪ್ರಮಾಣಪತ್ರ ಬಂದಾಗಿತ್ತು, ಕೇಂದ್ರ ಹಣ ಕೊಡಲು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಸಂಕೋಚವಾಗುವ ಜಾಗ ಇದು. ಉಳಿದದ್ದು ತಿಳಿಯದೆ ಮಾಡಿದ್ದು, ಇದು ತಿಳಿದು ಬಿಟ್ಟದ್ದು.

ಪೆಟ್ಟಿಗೆ ಬದಲಾಯಿತು

ಫ್ಲ್ಯಾಶ್ ಸಾಯುವುದು ಹೊಸ ಸುದ್ದಿಯೇನಲ್ಲ. ಐಫೋನ್ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. 2012ರ ಆಗಸ್ಟಿನಲ್ಲಿ ಆಂಡ್ರಾಯ್ಡ್ ಫೋನುಗಳಿಗೂ ಹೊಸದಾಗಿ ಸಿಗುವುದು ನಿಂತಿತ್ತು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಹಳೆಯ ಬಗೆಯ ಪ್ಲಗ್-ಇನ್‌ಗಳಿಗೆ ಬಾಗಿಲು ಹಾಕಿದವು. ಜಾವಾ, ಸಿಲ್ವರ್‌ಲೈಟ್ ಹೋದವು, ಫ್ಲ್ಯಾಶ್ ಒಂದೇ ಸ್ವಲ್ಪ ದಿನ ಉಳಿಯಿತು. ಮ್ಯಾಕ್ರೋಮೀಡಿಯಾ ನಂತರ ಫ್ಲ್ಯಾಶ್‌ನ ಒಡೆಯನಾದ ಅಡೋಬಿ ಕಂಪನಿ 2017ರ ಜುಲೈನಲ್ಲೇ ಗಡುವು ಹೇಳಿತ್ತು. 2020ರ ಡಿಸೆಂಬರ್ 31ಕ್ಕೆ ಮುಗಿಯಿತು. 2021ರ ಜನವರಿ 12ರಿಂದ ಪ್ಲೇಯರ್ ಇದ್ದರೂ ಪಾಠ ಓಡುವುದು ನಿಂತಿತು.

ಮುಂದಿನ ವಾರ ಕೇಂದ್ರದ ಸರ್ ಫೋನ್ ಮಾಡಿದರು. "ಪಾಠ ಎಲ್ಲಾ ಬೆಳ್ಳಗಾಗ್ಯಾವರೀ." ನಾನಾಗ ಕಚೇರಿ ಬಿಟ್ಟು ಸ್ವಂತ ಕೆಲಸ ಮಾಡುತ್ತಿದ್ದೆ. ಹಳೆಯ ಕಡತಗಳನ್ನು ಅಡೋಬಿ ಅನಿಮೇಟ್‌ನಲ್ಲಿ ತೆರೆದು, 2016ರಲ್ಲಿ ಹೆಸರು ಬದಲಿಸಿಕೊಂಡ ಅದೇ ಫ್ಲ್ಯಾಶ್ ಸಾಫ್ಟ್‌ವೇರ್ ಅದು, ಎಚ್‌ಟಿಎಂಎಲ್5 ಕ್ಯಾನ್ವಾಸ್ ಆಗಿ ಹೊರತೆಗೆದು ಹತ್ತು ದಿನದಲ್ಲಿ ಕೊಟ್ಟೆ. ಇಲಿ ಮತ್ತೆ ಓಡಿತು. ಪ್ಲಗ್-ಇನ್ ಇಲ್ಲ, ಫೋನಿನಲ್ಲೂ ತೆರೆಯುತ್ತದೆ, ಎಲ್ಲರೂ ಖುಷಿ.

ತಂಗಿ ಅಷ್ಟರಲ್ಲಿ ಗದಗದಲ್ಲಿ ಒಂದು ಕಚೇರಿಗೆ ಸೇರಿದ್ದಳು. ಸಂಜೆ ಇಬ್ಬರು ಅಂಧ ಹುಡುಗಿಯರಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದಳು. ಹೊಸ ಪಾಠದ ಕೊಂಡಿಯನ್ನು ನಾನೇ ಉತ್ಸಾಹದಿಂದ ಕಳಿಸಿದ್ದೆ. ಸಂಜೆ ಆಕೆಯ ಧ್ವನಿ ಸಂದೇಶ ಬಂತು. "ಸರ, ಮೊದ್ಲರ ಬಟನ್ ಬಟನ್ ಅಂತಿತ್ತು. ಈಗ ಅದೂ ಇಲ್ಲ."

ಕ್ಯಾನ್ವಾಸ್ ಎಂದರೆ ಬಣ್ಣದ ಚುಕ್ಕೆಗಳ ಹಲಗೆ. ಅದರ ಮೇಲೆ ನೂರು ಬಟನ್ ಬಿಡಿಸಿದರೂ ಬ್ರೌಸರ್‌ಗೆ ಕಾಣುವುದು ಒಂದೇ ಚೌಕ. ಒಳಗೆ ಏನಿದೆ ಎಂಬುದನ್ನು ಮಾಡಿದವರು ಪಕ್ಕದಲ್ಲಿ ಬೇರೆಯಾಗಿ ಬರೆದಿಡಬೇಕು, ನಾನು ಬರೆದಿರಲಿಲ್ಲ. 2013ರಲ್ಲಿ ಮೂರು ವಾರ ಕೂತು ಇಟ್ಟ ಹೆಸರು, ಬರೆದ ವಿವರಣೆಗಳೆಲ್ಲ ಈ ಹತ್ತು ದಿನದಲ್ಲಿ ಉದುರಿಹೋಗಿದ್ದವು. ಹಳೆಯ ಫ್ಲ್ಯಾಶ್ ಕಡತಗಳನ್ನು ಬದುಕಿಸುವ ರಫಲ್ ಎಂಬ ಎಮ್ಯುಲೇಟರ್ ಇದೆ, ಆಟಗಳನ್ನು ಉಳಿಸಲು ಒಳ್ಳೆಯದು. ಅದೂ ಕೊನೆಗೆ ಬಿಡಿಸುವುದು ಇಂಥದೇ ಹಲಗೆಯ ಮೇಲೆ. ಬಾಡಿಗೆಯವರು ಮನೆ ಖಾಲಿ ಮಾಡಿದ್ದರು. ಚಿಲಕ ಮಾತ್ರ ಒಳಗಿನಿಂದಲೇ ಇತ್ತು. ಪ್ಲಗ್-ಇನ್ ತಪ್ಪಿತಸ್ಥ ಎಂದು ಎಂಟು ವರ್ಷ ನಂಬಿಕೊಂಡು ಬಂದವನು ನಾನು. ಅಪರಾಧಿ ನನ್ನ ಪಾಠ ಕಟ್ಟುವ ಕ್ರಮ: ಮೊದಲು ಚಿತ್ರ, ಆಮೇಲೆ ಬೇಕಾದರೆ ಮಾತು.

ಈ ಸಲ ಉಲ್ಟಾ ಮಾಡಿದೆ. ಪಾಠದ ಮಾತನ್ನು ಮೊದಲು ಸರಳ ಪುಟವಾಗಿ ಬರೆದೆ: ತಲೆಬರಹ, ಪ್ಯಾರಾ, ನಿಜವಾದ ಬಟನ್. ಪುಟದ ಭಾಷೆ ಕನ್ನಡ ಎಂದು ಗುರುತು ಹಾಕಿದೆ, ಅದಿಲ್ಲದಿದ್ದರೆ ಕೆಲವು ಫೋನುಗಳು ಕನ್ನಡವನ್ನು ಬೇರೆ ದನಿಯಲ್ಲಿ ಓದಲು ಹೋಗಿ ತಡವರಿಸುತ್ತವೆ. ಇಲಿಯನ್ನು ಅಲಂಕಾರ ಎಂದು ಗುರುತಿಸಿ ಬದಿಗಿಟ್ಟೆ, ಬಾಲ ಅಲ್ಲಾಡಿಸುವುದನ್ನು ನಿಲ್ಲಿಸಲು ಬಟನ್ ಕೊಟ್ಟೆ. ದನಿ ಇದ್ದಲ್ಲೆಲ್ಲ ಕೆಳಗೆ ಅದರ ಬರಹ ಬಂತು. ಕಿವಿ ಮಂದ ಇದ್ದ ವಿದ್ಯಾರ್ಥಿಗಳು ಮೊದಲಿನಿಂದಲೂ ಇದ್ದರು, ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪರೀಕ್ಷೆಯಲ್ಲಿ ಎಳೆಯುವುದು ಹೋಯಿತು, ಪ್ರತಿ ಪ್ರಶ್ನೆಗೂ ಉತ್ತರಗಳ ಪಟ್ಟಿ ಬಂತು. ಎಳೆಯುವ ಕೆಲಸಕ್ಕೆ ಎಳೆಯದೆ ಮಾಡುವ ಬದಲಿ ದಾರಿ ಇರಬೇಕೆಂಬ ನಿಯಮ ಡಬ್ಲ್ಯುಸಿಎಜಿಗೆ ಸೇರಿದ್ದು 2023ರ ಅಕ್ಟೋಬರಿನ 2.2 ಆವೃತ್ತಿಯಲ್ಲಿ. ಕೈ ನಡುಗುತ್ತಿದ್ದ ಆ ಹುಡುಗನಿಗೆ ಅದು ಹತ್ತು ವರ್ಷ ತಡ. ಹಸಿರು ಕೆಂಪಿನ ಜೊತೆಗೆ 'ಸರಿ', 'ತಪ್ಪು' ಎಂಬ ಮಾತು ತಾನಾಗಿ ಕೇಳುವಂತಾಯಿತು. ಗಡಿಯಾರ ತೆಗೆದುಬಿಟ್ಟೆ. ಕಂಪ್ಯೂಟರಿನ ಭಾಗ ಗುರುತಿಸಲು ಅವಸರ ಯಾಕೆ ಎಂದು ನಾನೇ ಹಾಕಿದ ಗಡಿಯಾರದ ಬಗ್ಗೆ ನನಗೇ ಉತ್ತರ ಇರಲಿಲ್ಲ.

ಒಂದೊಂದು ಪಾಠಕ್ಕೆ ಎರಡರಿಂದ ಮೂರು ದಿನ ಹಿಡಿಯಿತು. ಖರ್ಚಿನ ಮಾತು ಬಂದಾಗ ಕೇಂದ್ರದ ಸರ್, "ಹಿಂಗ ಮಾಡ್ಬೇಕಂತ ಕಾನೂನೈತೇನ್ರಿ?" ಎಂದು ಕೇಳಿದರು. ಐತ್ರಿ ಅಂದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಂ ವಿದ್ಯುನ್ಮಾನ ವಿಷಯ ಎಟುಕುವ ರೂಪದಲ್ಲಿರುವಂತೆ ಸರ್ಕಾರ ನೋಡಿಕೊಳ್ಳಬೇಕು ಅನ್ನುತ್ತದೆ. 46ನೇ ಕಲಂ ಸೇವೆ ಕೊಡುವವರಿಗೆ, ಖಾಸಗಿಯವರೂ ಸೇರಿ, ನಿಯಮ ಬಂದ ಮೇಲೆ ಎರಡು ವರ್ಷದ ಗಡುವು ಕೊಟ್ಟಿತ್ತು. ನಿಯಮ ಬಂದದ್ದು 2017ರ ಜೂನಿನಲ್ಲಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಧ ಈಗ, ಅರ್ಧ ದಸರಾಕ್ಕೆ ಅಂದರು. ಕೊಟ್ಟರು ಕೂಡ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೌಲಭ್ಯ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿದ ತೀರ್ಪು ಓದುವಾಗ ನನಗೆ ಆ ಮೂವತ್ತು ಸೆಕೆಂಡಿನ ಗಡಿಯಾರವೇ ನೆನಪಾಯಿತು. ಆಸಿಡ್ ದಾಳಿಗೆ ಸಿಕ್ಕವರಿಗೆ ಕೆವೈಸಿಯಲ್ಲಿ 'ಕಣ್ಣು ಮಿಟುಕಿಸಿ ತೋರಿಸಿ' ಎಂದು ಕೇಳಿದ ಯಂತ್ರದ ವಿರುದ್ಧದ ಅರ್ಜಿಯೂ ಅದರಲ್ಲಿತ್ತು.

ತಂಗಿಯನ್ನು ಈ ಸಲ ಪರೀಕ್ಷಕಿ ಎಂದು ಸಂಬಳ ಕೊಟ್ಟೇ ಕೂರಿಸಿದೆವು. ಮೊದಲ ದಿನವೇ ನನ್ನ ಜಾಣತನಕ್ಕೆ ಪೆಟ್ಟು ಬಿತ್ತು. ಪರೀಕ್ಷೆಯಲ್ಲಿ ಚಿತ್ರ ತೋರಿಸಿ 'ಇದು ಯಾವ ಭಾಗ?' ಎಂದು ಕೇಳುವ ಪ್ರಶ್ನೆಗಳಿದ್ದವು. ಚಿತ್ರಕ್ಕೆ ಬದಲಿ ಬರಹ ಬೇಕಲ್ಲ, ಶ್ರದ್ಧೆಯಿಂದ ಎಲ್ಲದಕ್ಕೂ ಹಾಕಿದ್ದೆ. ಆಕೆ ಇಪ್ಪತ್ತಕ್ಕೆ ಇಪ್ಪತ್ತು ತೆಗೆದು ನಕ್ಕಳು. "'ರ‍್ಯಾಮ್‌ನ ಚಿತ್ರ' ಅಂತ ಓದಿ, ಇದು ಏನು ಅಂತ ಕೇಳ್ತೈತ್ರಿ ಸರ." ಹೆಸರು ಹೇಳಿದರೆ ಉತ್ತರ ಸಿಕ್ಕಿತು, ಹೇಳದಿದ್ದರೆ ಪ್ರಶ್ನೆಯೇ ಇಲ್ಲ. ರೂಪವನ್ನು ವರ್ಣಿಸಬೇಕು, ಹೇಗೆ? 'ಹಸಿರು ಬಣ್ಣದ್ದು' ಎಂದರೆ ಆಕೆಗೆ ಏನೂ ಹೇಳಿದಂತಾಗಲಿಲ್ಲ.

ದಾರಿ ಆಕೆಯೇ ಹೇಳಿದಳು. ನಿಜವಾದ ಭಾಗಗಳನ್ನು ತಂದುಕೊಡಿ, ಮುಟ್ಟಿ ನೋಡಿ ಹೇಳುತ್ತೇನೆ, ನೀವು ಬರೆದುಕೊಳ್ಳಿ. ಹುಬ್ಬಳ್ಳಿಯ ಗುಜರಿ ಅಂಗಡಿಯಿಂದ ಕೆಟ್ಟ ಮದರ್‌ಬೋರ್ಡು, ಹಾರ್ಡ್ ಡಿಸ್ಕು, ಫ್ಯಾನು ಒಂದು ಚೀಲದಲ್ಲಿ ತುಂಬಿಕೊಂಡು ಗದಗಿಗೆ ಹೋದೆ. ಆಕೆ ರ‍್ಯಾಮ್ ಹಿಡಿದು ಅಂಚಿನ ಮೇಲೆ ಬೆರಳಾಡಿಸಿ, "ಹಲ್ಲ ಸಣ್ಣನ್ನ ಬಾಚಣಿಗಿ ಇದ್ದಂಗೈತಿ" ಅಂದಳು. ಎಂಟು ವರ್ಷದ ಹಿಂದೆ ಪಕ್ಕದ ಹುಡುಗಿ 'ಹಲ್ಲ ಅದಾವ' ಅಂದದ್ದು ಇದಕ್ಕೇ ಏನು ಎಂದು ಕೇಳಿದಳು. ಹೌದು ಅಂದೆ. ಈಗ ಆ ಪ್ರಶ್ನೆ ಹೀಗಿದೆ: 'ಅಂಗೈಗಿಂತ ಉದ್ದ, ರಟ್ಟಿನಷ್ಟು ತೆಳು, ಒಂದು ಅಂಚಿಗೆ ಬಾಚಣಿಗೆಯಂಥ ಸಣ್ಣ ಗೆರೆಗಳು, ನಡುವೆ ಒಂದು ಕಚ್ಚು. ಕರೆಂಟ್ ಹೋದರೆ ಇದರಲ್ಲಿದ್ದದ್ದೆಲ್ಲ ಮರೆತುಹೋಗುತ್ತದೆ.' ಚಿತ್ರ ಪಕ್ಕದಲ್ಲಿದೆ, ನೋಡುವವರು ನೋಡಲಿ.

ಹದಿನಾಲ್ಕರಲ್ಲಿ ಹದಿಮೂರು ಪಾಠ ಆಕೆ ಪಾಸು ಮಾಡಿದ್ದಾಳೆ. ಏಳನೆಯದು ಬಾಕಿ. ಅದರಲ್ಲಿ ಟಾಕ್‌ಬ್ಯಾಕ್ ಎಂಬ ಆಂಡ್ರಾಯ್ಡ್ ಸ್ಕ್ರೀನ್ ರೀಡರ್ ಹಾಕಿದ ಆಕೆಯ ಫೋನಿನಲ್ಲಿ 'ಮುಂದೆ' ಬಟನ್ ಎರಡೆರಡು ಸಲ ಓದಿಸಿಕೊಳ್ಳುತ್ತಿದೆ, ನನ್ನ ಫೋನಿನಲ್ಲಿ ಒಂದೇ ಸಲ. ಈ ಭಾನುವಾರ ಆಕೆಯ ಫೋನನ್ನೇ ಕೈಗೆ ತೆಗೆದುಕೊಂಡು ನೋಡಬೇಕು.